ಅಳಿಸಿದ ಮೇಲೆ ಕಾಣಿಸಿದ ಕೈ

ಇಂಥವನ್ನೆಲ್ಲ ನಂಬಿದವಳಲ್ಲ ನಾನು. ನಂಬುವವರನ್ನು ಕಂಡರೆ ಆಡಿಕೊಳ್ಳುತ್ತಿದ್ದವಳು. ಹಿಂದೂಪುರದ ನಮ್ಮ ಬೀದಿಯಲ್ಲಿ ಯಾರಾದರೂ ಬಂದು ಬಾಗಿಲು ತಾನಾಗಿ ತೆರೆದುಕೊಂಡಿತು ಎಂದರೆ, ಚಿಲಕ ಹಾಕಿದ್ದು ಯಾರು ಅಂತ ಮೊದಲು ಕೇಳುತ್ತೇನೆ. ದೇವರ ಮುಂದಿಟ್ಟ ತೆಂಗಿನಕಾಯಿ ತಾನಾಗಿ ಬಿರುಕು ಬಿಟ್ಟಿತು ಎಂದರೆ, ಯಾವ ಅಂಗಡಿಯಲ್ಲಿ ತಂದಿರಿ ಎನ್ನುತ್ತೇನೆ. ಇದಕ್ಕೇ ನಮ್ಮ ಯಜಮಾನರು ನನ್ನನ್ನು ಸಿಐಡಿ ಎಂದು ಕರೆಯುವುದು. ಕರೆಯಲಿ. ದೆವ್ವದ ಮೇಲೆ ನನಗೆ ನಂಬಿಕೆ ಇಲ್ಲ, ಮನುಷ್ಯರ ಮೇಲೆ ಅದಕ್ಕಿಂತಲೂ ಕಡಿಮೆ. ಏನೇ ನಡೆದರೂ ಅದರ ಹಿಂದೆ ಒಬ್ಬರು ಇದ್ದೇ ಇರುತ್ತಾರೆ, ಹುಡುಕಿದರೆ ಸಿಕ್ಕೇ ಸಿಗುತ್ತಾರೆ ಎಂದುಕೊಂಡೇ ಇಷ್ಟು ವರ್ಷ ಬದುಕಿದವಳು. ಹುಡುಕಿಯೂ ಯಾರೂ ಸಿಗದೇ ಹೋದದ್ದು ಒಂದೇ ಸಲ. ಅದನ್ನು ಇಲ್ಲಿ ಹೇಳುತ್ತೇನೆ. ನಗುವವರು ನಗಬಹುದು. ನಿಮ್ಮ ಜಾಗದಲ್ಲಿ ನಾನಿದ್ದರೆ ನಾನೂ ನಗುತ್ತಿದ್ದೆ.

ನನ್ನ ಕೆಲಸ ಮದುವೆ ಆಲ್ಬಂ ಮಾಡುವುದು. ಮನೆಯ ಹಾಲಿನಲ್ಲೇ ಒಂದು ಮೂಲೆಯಲ್ಲಿ ಕಂಪ್ಯೂಟರ್ ಇದೆ. ಸ್ಟುಡಿಯೋದವರು ಫೋಟೋಗಳನ್ನು ತಂದುಕೊಡುತ್ತಾರೆ, ನಾನು ಅವನ್ನು ಪುಟಪುಟವಾಗಿ ಜೋಡಿಸಿ ಪ್ರಿಂಟಿಗೆ ಕಳಿಸುತ್ತೇನೆ. ಲಗ್ನಪತ್ರಿಕೆಯನ್ನೂ ಮಾಡುತ್ತೇನೆ. ಅಳಿಸಿಹೋದ ಫೋಟೋ ವಾಪಸ್ ತೆಗೆದುಕೊಡುವುದೂ ನನಗೆ ಬರುತ್ತದೆ. ಯಾರೋ ಫೋಟೋಗ್ರಾಫರ್ ಮದುವೆ ಮುಗಿದ ಮಾರನೇ ದಿನ ಕಾರ್ಡನ್ನು ಫಾರ್ಮ್ಯಾಟ್ ಮಾಡಿ, ಬೆವರುತ್ತಾ ನಮ್ಮ ಮನೆಗೆ ಓಡಿ ಬರುತ್ತಾನೆ. ನಾನು ಅವನಿಗೆ ನೀರು ಕೊಟ್ಟು ಕೂರಿಸಿ ಫೋಟೋಗಳನ್ನು ಎತ್ತಿ ಕೊಡುತ್ತೇನೆ.

ಅಳಿಸಿದ್ದು ಹೇಗೆ ವಾಪಸ್ ಬರುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಮನೆ ಮುಂದಿನ ಹೆಸರಿನ ಬೋರ್ಡು ಕಿತ್ತರೆ ಮನೆ ಹೋಗಿಬಿಡುತ್ತದೆಯೇ? ಕಂಪ್ಯೂಟರಿನಲ್ಲಿ ಡಿಲೀಟ್ ಮಾಡುವುದೆಂದರೆ ಬೋರ್ಡು ಕೀಳುವುದು, ಅಷ್ಟೇ. ರೀಸೈಕಲ್ ಬಿನ್ ಖಾಲಿ ಮಾಡಿದರೂ ಮನೆ ಅಲ್ಲೇ ಇರುತ್ತದೆ. ಪೂರ್ತಿ ಹೋಗಬೇಕೆಂದರೆ ಅದೇ ಜಾಗದ ಮೇಲೆ ಬೇರೆ ಏನನ್ನಾದರೂ ಬರೆಯಬೇಕು. ಅದಕ್ಕೆಂದೇ ಒಂದು ಸಾಫ್ಟ್‌ವೇರ್ ಇದೆ. ಖಾಲಿ ಜಾಗದ ತುಂಬ ಸೊನ್ನೆ ಬರೆಯುತ್ತಾ ಹೋಗುತ್ತದೆ, ಒಂದು ಸಲ ಮುಗಿಸಿ ಮತ್ತೆ ಮೊದಲಿಂದ ಬರೆಯುತ್ತದೆ. ಅದಾದ ಮೇಲೆ ಯಾವ ಪುಣ್ಯಾತ್ಮ ಬಂದರೂ ತೆಗೆಯಲಾರ.

ಈಗ ನಮ್ಮ ಅಕ್ಕನ ವಿಷಯ. ಅವಳನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿದೆ. ಅವಳಿಗೆ ಒಬ್ಬಳೇ ಮಗಳು, ಶಿರೀಷ. ಬೆಳುಗುಪ್ಪದ ಹತ್ತಿರದ ಒಂದು ಹಳ್ಳಿಯ ಹುಡುಗ ನಾಗೇಂದ್ರನಿಗೂ ಅವಳಿಗೂ ಕಲ್ಯಾಣದುರ್ಗದಲ್ಲಿ ನಿಶ್ಚಿತಾರ್ಥವಾಯಿತು. ಎರಡೂ ಕಡೆಯವರು ತಾಂಬೂಲ ಬದಲಾಯಿಸಿಕೊಂಡರು. ಫೋಟೋಗಳೆಲ್ಲ ನನ್ನ ಕಂಪ್ಯೂಟರಿಗೆ ಬಂದವು, ಅಕ್ಕನ ಮಗಳ ಆಲ್ಬಂ ಬೇರೆಯವರ ಕೈಗೆ ಕೊಡುತ್ತೇನೆಯೇ? ಮದುವೆಗೆ ಇನ್ನೇನು ಕೆಲವೇ ವಾರ ಇದೆ ಎನ್ನುವಾಗ ಆ ಹುಡುಗ ಬೈಕಿನಲ್ಲಿ ಬರುತ್ತಾ, ದೀಪವಿಲ್ಲದೆ ರಸ್ತೆ ಬದಿಗೆ ನಿಂತಿದ್ದ ಟ್ರ್ಯಾಕ್ಟರ್ ಟ್ರೈಲರಿಗೆ ಗುದ್ದಿ ಹೋಗಿಬಿಟ್ಟ. ಒಳ್ಳೆಯ ಹುಡುಗ.

ಸತ್ತವನಿಗಾಗಿ ಅಳುವುದು ಮುಗಿಯುವ ಮೊದಲೇ ಜನ ಇವಳ ಕಡೆ ತಿರುಗಿದರು. ಹುಡುಗಿಯ ಕಾಲ್ಗುಣ ಅಂದರು. ಕಾಲಿಡುವ ಮೊದಲೇ ಕಾಲ್ಗುಣ! ಟ್ರೈಲರಿಗೆ ದೀಪ ಹಾಕದವನನ್ನು ಯಾರೂ ಏನೂ ಅನ್ನಲಿಲ್ಲ. ಬಂದ ಸಂಬಂಧಗಳೆಲ್ಲ ಬಾಗಿಲವರೆಗೆ ಬಂದು ಹಿಂದಕ್ಕೆ ಹೋದವು. ಶಿರೀಷ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಕೊನೆಗೆ, ಅದೆಲ್ಲ ನಡೆದು ಒಂದು ವರ್ಷದ ಮೇಲೆ, ಚಿಲಮತ್ತೂರಿನಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ಮಧು. ಅವರಿಗೆ ಮೊದಲಿನ ನಿಶ್ಚಿತಾರ್ಥದ ವಿಷಯ ನಮ್ಮಲ್ಲಿ ಯಾರೂ ಹೇಳಿರಲಿಲ್ಲ. ಹೇಳುವುದು ಬೇಡ ಎಂದು ಅಕ್ಕ, ಭಾವ ತೀರ್ಮಾನ ಮಾಡಿದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಅಂತ ನಾನು ಅಂದೆ. ಅಕ್ಕ ಫೋನಿನಲ್ಲೇ ಅತ್ತಳು. ಇದೂ ತಪ್ಪಿಹೋದರೆ ಈ ಹುಡುಗಿಯ ಗತಿಯೇನು ಎಂದಳು.

ಭಾವ ಊರೆಲ್ಲ ಸುತ್ತಿ ನೆಂಟರ ಫೋನುಗಳಲ್ಲಿದ್ದ ನಿಶ್ಚಿತಾರ್ಥದ ಫೋಟೋಗಳನ್ನು ಅಳಿಸಿಹಾಕಿಸಿದ. ನಾಗೇಂದ್ರನ ಕಡೆಯ ಹತ್ತಿರದವರಿಗೂ ಕೈಮುಗಿದು ಹೇಳಿದನಂತೆ. ಸ್ಟುಡಿಯೋದವನು ತನ್ನಲ್ಲಿ ಏನನ್ನೂ ಇಟ್ಟುಕೊಂಡಿರಲಿಲ್ಲ, ಕಾರ್ಡನ್ನು ಆಗಲೇ ಬೇರೆ ಮದುವೆಗಳಿಗೆ ಬಳಸಿದ್ದ. ಉಳಿದದ್ದು ನನ್ನ ಕಂಪ್ಯೂಟರ್ ಒಂದೇ. ಒಂದು ದಿನ ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತಿ ಹಿಂದೂಪುರಕ್ಕೇ ಬಂದುಬಿಟ್ಟರು.

"ನಮ್ಮ ಕಣ್ಮುಂದೇನೇ ಅಳ್ಸಮ್ಮ," ಎಂದ ಭಾವ. "ನಿನ್ಮೇಲೆ ಡೌಟ್ ಅಂತಲ್ಲ. ನೋಡ್ಬುಟ್ರೆ ನಮ್ಗೂ ಒಂದು ಧೈರ್ಯ."

ನನ್ನ ಮೇಲೆ ಡೌಟು! ನಾನು ಊರ ಮೇಲೆ ಡೌಟು ಪಡುವವಳು. ಆದರೂ ತಪ್ಪೇನಿಲ್ಲ ಅನ್ನಿಸಿತು. ಅವನ ಜಾಗದಲ್ಲಿ ನಾನೂ ಹಾಗೇ ಕೇಳುತ್ತಿದ್ದೆ.

ಫೋಲ್ಡರ್ ತೆರೆದೆ. ಪೂರ್ತಿ ಒಟ್ಟಿಗೆ ಅಳಿಸಿಬಿಡೋಣ ಎಂದುಕೊಂಡರೆ ಅಕ್ಕ ನನ್ನ ಕೈ ಹಿಡಿದುಕೊಂಡಳು. ಮೊದಲನೇ ಫೋಟೋ ಕಲಶದ್ದು. ಆಲ್ಬಂ ಕೆಲಸದಲ್ಲಿ ನಾನು ಇಟ್ಟುಕೊಂಡಿರುವ ಒಂದು ಪದ್ಧತಿ ಹೇಳಬೇಕು. ಮೊದಲ ಪುಟ ದೇವರಿಗೆ. ಅದರಲ್ಲಿ ಮನುಷ್ಯರ ಕೈ, ಕಾಲು, ಸೀರೆಯ ಸೆರಗು, ಏನೂ ಬರಬಾರದು. ಹಿಂದೊಮ್ಮೆ ಯಾರದೋ ಆಲ್ಬಂನಲ್ಲಿ ಗಣಪತಿಯ ಪಕ್ಕ ಯಾರದೋ ಬರಿಗಾಲು ಬಂದು, ಬೀಗರು ಬೀಗರು ಜಗಳವಾಡಿ ನನ್ನ ತಲೆ ತಿಂದಿದ್ದರು. ಅಂದಿನಿಂದ ಆ ಫೋಟೋವನ್ನು ಮೂಲೆಮೂಲೆ ನೋಡಿಯೇ ಆರಿಸುವುದು. ಶಿರೀಷನ ನಿಶ್ಚಿತಾರ್ಥದಲ್ಲಂತೂ ಕಲಶಕ್ಕೆ ತೆಂಗಿನಕಾಯಿ ಇಟ್ಟವಳು ನಾನೇ, ಅರಿಸಿನದ ಗಣಪನನ್ನು ಮಾಡಿದವಳು ನಾನೇ. ಬೈಕ್ ಪಂಕ್ಚರ್ ಆಗಿ ನಾಗೇಂದ್ರ ಇನ್ನೂ ಬಂದಿರಲಿಲ್ಲ. ಎಲ್ಲರೂ ಕಾಯುತ್ತಿದ್ದಾಗ, ಸುತ್ತ ಇದ್ದವರನ್ನೆಲ್ಲ ದೂರ ಸರಿಸಿ ಆ ಫೋಟೋ ತೆಗೆಸಿದ್ದೆ. ಕಲಶ, ಗಣಪ, ಎರಡು ತಾಂಬೂಲದ ತಟ್ಟೆ. ಅಷ್ಟೇ ಇದ್ದದ್ದು.

"ಅಯ್ಯೋ, ದೇವ್ರ ಫೋಟೋ ಅಳಿಸ್ತೀಯೇನೆ? ಇದೊಂದು ಬುಟ್ಟುಬುಡು. ಇದ್ರಾಗೆ ಯಾರೂ ಇಲ್ವಲ್ಲ," ಎಂದಳು ಅಕ್ಕ.

ಮೂವರೂ ನೋಡಿದೆವು. ಯಾರೂ ಇರಲಿಲ್ಲ. ಅಕ್ಕ ಬೆರಳನ್ನು ಪರದೆಗೆ ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು. ಆ ಒಂದನ್ನು ನನ್ನ ದೇವರ ಫೋಟೋಗಳ ಫೋಲ್ಡರಿಗೆ ಸೇರಿಸಿ, ಉಳಿದದ್ದನ್ನೆಲ್ಲ ಅಳಿಸಿದೆ. ಆಲ್ಬಂಗೆ ಜೋಡಿಸಿದ್ದ ಪುಟಗಳನ್ನೂ ಬಿಡಲಿಲ್ಲ. ಆಮೇಲೆ ಸೊನ್ನೆ ಬರೆಯುವ ಸಾಫ್ಟ್‌ವೇರ್ ಹಚ್ಚಿದೆ. ಅದು ಮಧ್ಯಾಹ್ನವೆಲ್ಲ ಓಡಿತು. ನಾವು ಊಟ ಮಾಡಿ, ಕಾಫಿ ಕುಡಿದು, ಮತ್ತೆ ಬಂದು ನೋಡಿದರೂ ಓಡುತ್ತಲೇ ಇತ್ತು. ಮುಗಿದ ಮೇಲೆ, ಅಳಿಸಿದ್ದನ್ನು ಎತ್ತುವ ನನ್ನ ಸಾಫ್ಟ್‌ವೇರ್ ಹಾಕಿ ಹುಡುಕಿ ತೋರಿಸಿದೆ. ಏನೂ ಸಿಗಲಿಲ್ಲ. ಭಾವ ನಿಟ್ಟುಸಿರು ಬಿಟ್ಟ. ಅಕ್ಕನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಕಂಡೆ.

ಮಧು ಕಡೆಯವರು ಒಪ್ಪಿದರು, ಮಾತುಕತೆ ಮುಗಿಯಿತು. ಸೀರೆ ತೆಗೆಯುವ ನೆಪದಲ್ಲಿ ಶಿರೀಷ ನಮ್ಮ ಮನೆಗೆ ಬಂದು ಒಂದಷ್ಟು ದಿನ ಉಳಿದಳು. ಲಗ್ನಪತ್ರಿಕೆ ಮಾಡುವ ಕೆಲಸ ಹೇಗೂ ನನ್ನದೇ. ಇಂಥ ಕಥೆಗಳೆಲ್ಲ ಅಮಾವಾಸ್ಯೆ ರಾತ್ರಿ ನಡೆಯಬೇಕು, ನಾಯಿ ಊಳಿಡಬೇಕು. ನನ್ನದು ನಡೆದದ್ದು ಮಟಮಟ ಮಧ್ಯಾಹ್ನ. ಬೀದಿಯಲ್ಲಿ ತರಕಾರಿ ಗಾಡಿಯವನು ತೆಲುಗಿನಲ್ಲಿ ವಂಕಾಯ ಬೆಂಡಕಾಯ ಅಂತ ಕೂಗುತ್ತಿದ್ದ, ನಾನು ಪತ್ರಿಕೆಯ ಮೇಲ್ಭಾಗಕ್ಕೆ ಒಂದು ಕಲಶದ ಚಿತ್ರ ಹುಡುಕುತ್ತಿದ್ದೆ. ಅಲ್ಲಿ ಇಲ್ಲಿ ಹುಡುಕುವುದೇಕೆ, ನನ್ನ ಕೈಯಾರೆ ಮಾಡಿದ ಕಲಶವೇ ಇದೆಯಲ್ಲ, ದೇವರಿಗೇನು ಹಳೇದು ಹೊಸದು ಎಂದು ಆ ಫೋಟೋ ತೆರೆದೆ.

ಅದರಲ್ಲಿ ಒಂದು ಕೈ ಇತ್ತು.

ಬಲಗಡೆಯ ಅಂಚಿನಿಂದ ಬಂದಿತ್ತು. ಗಂಡಸಿನ ಬಲಗೈ. ತೋಳು ಫೋಟೋದ ಆಚೆ, ಮುಂಗೈ ಒಳಗೆ. ತಿಳಿನೀಲಿ ಶರ್ಟಿನ ಗುಂಡಿ ಹಾಕಿದ ತೋಳುಪಟ್ಟಿ, ಅದರ ಕೆಳಗೆ ಮಣಿಕಟ್ಟಿಗೆ ಕಟ್ಟಿದ ಕಪ್ಪು ದಾರ. ಬೆರಳುಗಳು ತಾಂಬೂಲದ ತಟ್ಟೆಯಲ್ಲಿದ್ದ ವೀಳ್ಯದೆಲೆಯ ಮೇಲಿದ್ದವು. ಎತ್ತಿಕೊಳ್ಳುತ್ತಿವೆಯೋ, ಇಡುತ್ತಿವೆಯೋ ಗೊತ್ತಾಗುತ್ತಿರಲಿಲ್ಲ.

ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಯಾರೋ ನನ್ನ ಕಂಪ್ಯೂಟರ್ ಮುಟ್ಟಿದ್ದಾರೆ! ಯಜಮಾನರು ಅದರಲ್ಲಿ ಇಸ್ಪೀಟು ಬಿಟ್ಟು ಬೇರೇನನ್ನೂ ತೆರೆಯಲಾರರು. ಆದರೂ ಅವರನ್ನೇ ಮೊದಲು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಕೈ ಅಲ್ವೇನೆ ಇದು?" ಎಂದರು. ಅಂದರೆ ಅದು ನನ್ನ ಕಣ್ಣಿಗೆ ಮಾತ್ರ ಕಾಣುವ ಕೈಯಲ್ಲ. ಆಮೇಲೆ ಕಲ್ಯಾಣದುರ್ಗದ ಸ್ಟುಡಿಯೋದವನಿಗೆ ಫೋನ್ ಮಾಡಿ, ಇಂಥದೇ ಇನ್ನೊಂದು ಫೋಟೋ ತೆಗೆದಿದ್ದೆಯಾ ಎಂದು ಕೇಳಿದೆ. "ಲೇದಮ್ಮಾ, ಒಂದೇ ತೆಗ್ದಿದ್ದು. ನೀವೇ ಎಲ್ರನ್ನೂ ಬೈದು ಓಡಿಸಿದ್ರಲ್ಲ, ಮರ್ತ್ರಾ?" ಎಂದ. ಮರೆತಿರಲಿಲ್ಲ.

ಫೋಟೋವನ್ನು ದೊಡ್ಡದು ಮಾಡಿ ಚುಕ್ಕಿಚುಕ್ಕಿಯಾಗಿ ನೋಡಿದೆ. ಒಂದರಿಂದ ಕತ್ತರಿಸಿ ಇನ್ನೊಂದಕ್ಕೆ ಅಂಟಿಸುವುದೇ ನನ್ನ ಹೊಟ್ಟೆಪಾಡು. ಎಷ್ಟೋ ಆಲ್ಬಂನಲ್ಲಿ ಮದುವೆಗೆ ಬಾರದ ಮಾವಂದಿರನ್ನು ತಂದು ನಿಲ್ಲಿಸಿದ್ದೇನೆ. ಅಂಟಿಸಿದ್ದು ನನಗೆ ತಿಳಿಯದೇ ಹೋಗುವುದಿಲ್ಲ. ಈ ಕೈಗೆ ಅಂಟಿಸಿದ ಗುರುತಿರಲಿಲ್ಲ. ದೀಪದ ಬೆಳಕು ಬೆರಳ ಮೇಲೆ ಬಿದ್ದಿತ್ತು, ಬೆರಳ ನೆರಳು ಎಲೆಯ ಮೇಲೆ ಬಿದ್ದಿತ್ತು. ಫೈಲಿನ ತಾರೀಕು ಕೂಡ ನಿಶ್ಚಿತಾರ್ಥದ ದಿನದ್ದೇ, ಆಮೇಲೆ ಯಾರೂ ಬದಲಾಯಿಸಿದ ಹಾಗೆ ತೋರಿಸುತ್ತಿರಲಿಲ್ಲ. ಹಾಗಾದರೆ ಕೈ ಮೊದಲಿಂದಲೂ ಇದ್ದು, ಅದು ನಮ್ಮ ಗಮನಕ್ಕೆ ಬಂದಿರಲಿಲ್ಲವೇ? ಇರಬಹುದು ಎಂದುಕೊಂಡೆ. ಆದರೆ ಅದನ್ನು ಹೋಲಿಸಿ ನೋಡಲು ಬೇರೆ ಪ್ರತಿ ಎಲ್ಲಿದೆ? ಆಲ್ಬಂನ ಮೊದಲ ಪುಟದಲ್ಲಿ ಇದೇ ಫೋಟೋ ಹಾಕಿದ್ದೆ. ಆ ಪುಟವನ್ನು ನಾನೇ ಅಳಿಸಿ, ಮೇಲೆ ಸೊನ್ನೆಯನ್ನೂ ಬರೆದಿದ್ದೆ. ಆ ಜಾಗದಿಂದ ಒಂದು ಚೂರನ್ನೂ ಇನ್ನು ಎತ್ತಲಾಗದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಉಳಿದವಳು ಶಿರೀಷ. ಅವಳು ಡಿಗ್ರಿಯಲ್ಲಿ ಕಂಪ್ಯೂಟರ್ ಓದಿದವಳು, ಹಾಲಿನಲ್ಲೇ ಮಲಗುತ್ತಿದ್ದಳು. ಅವಳಿಗೆ ಈ ಮದುವೆ ಇಷ್ಟವಿಲ್ಲ, ಬಾಯಿ ಬಿಟ್ಟು ಹೇಳಲಾರದೆ ಹೀಗೆ ಮಾಡಿದ್ದಾಳೆ ಎಂದು ನನ್ನ ತಲೆಗೆ ಬಂತು. ಬಂದ ಮೇಲೆ ಕೂತಿತು. ಅವಳು ಬಟ್ಟೆ ಒಣಹಾಕಿ ಒಳಗೆ ಬರುವುದನ್ನೇ ಕಾಯುತ್ತಿದ್ದು, ಪರದೆ ತೋರಿಸಿ, "ಇದು ನಿನ್ನ ಕೆಲಸಾನಾ?" ಎಂದು ನೇರವಾಗಿ ಕೇಳಿದೆ.

ಅವಳು ನೋಡಿದಳು. ಮುಖದ ಬಣ್ಣ ಇಳಿಯುತ್ತಾ ಹೋಯಿತು. ಕುರ್ಚಿ ಹಿಡಿದುಕೊಂಡು ಕೂತಳು.

"ಚಿಕ್ಕಮ್ಮ, ಆ ದಾರ ನಾನೇ ಕೊಟ್ಟಿದ್ದು," ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ನಿಶ್ಚಿತಾರ್ಥ ಮುಗಿದು ಒಂದು ವಾರಕ್ಕೋ ಏನೋ ಇಬ್ಬರೂ ಆಂಜನೇಯನ ಗುಡಿಯಲ್ಲಿ, ಮನೆಯವರಿಗೆ ತಿಳಿಸದೆ, ಒಂದು ಗಳಿಗೆ ಭೇಟಿಯಾಗಿದ್ದರಂತೆ. ಗುಡಿಯಲ್ಲಿ ಕೊಟ್ಟ ಕಪ್ಪು ದಾರವನ್ನು ಇವಳು ಅವನ ಕೈಗೆ ಕಟ್ಟಿದ್ದಳಂತೆ. ತಲೆದಿಂಬಿನ ಮೇಲೆ ನಿದ್ದೆ ಬರದೆ ಎಷ್ಟು ರಾತ್ರಿ ಆ ಕೈಯನ್ನೇ ನೆನೆಸಿಕೊಂಡಿದ್ದಾಳೋ ಪಾಪ. ಅಂದರೆ ನಿಶ್ಚಿತಾರ್ಥದ ದಿನ ಆ ದಾರ ಅವನ ಕೈಯಲ್ಲಿರಲಿಲ್ಲ. ಫೋಟೋ ತೆಗೆದಾಗ ಆ ಕೈಯೂ ಅಲ್ಲಿರಲಿಲ್ಲ, ಅವನು ಎಲ್ಲೋ ದಾರಿಯಲ್ಲಿ ಪಂಕ್ಚರ್ ಹಾಕಿಸುತ್ತಿದ್ದ.

ಅವಳ ಕಣ್ಣೀರನ್ನು ನೋಡಿಯೂ ನನ್ನ ಅನುಮಾನ ಹೋಗಲಿಲ್ಲ ಎಂದರೆ ನೀವು ಬೈದುಕೊಳ್ಳಬೇಡಿ. ದಾರದ ವಿಷಯ ಗೊತ್ತಿದ್ದವಳು ಇವಳೊಬ್ಬಳೇ, ಹಾಗಾದರೆ ಮಾಡಿದವಳೂ ಇವಳೇ ಇರಬೇಕಲ್ಲ! ಆದರೆ ನನಗೇ ಬಾರದ ಕೆಲಸ ಅವಳಿಗೆ ಹೇಗೆ ಬಂತು? ಸಂಜೆ ಅಕ್ಕನಿಗೆ ಫೋಟೋ ಕಳಿಸಿದೆ. ಅವಳು ಫೋನ್ ಮಾಡಿ ಕೂಗಿಕೊಂಡಳು. "ಅವನು ಎತ್ಕೊಂಡು ಹೋಯ್ತಾವ್ನೆ ಕಣೆ! ನನ್ಮಗಳ ತಾಂಬೂಲ ಎತ್ಕೊಂಡು ಹೋಯ್ತಾವ್ನೆ. ಅಳಿಸ್ಬುಡು, ಇವಾಗ್ಲೇ ಅಳಿಸ್ಬುಡು!" ಎಂದಳು. ಶಿರೀಷ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. "ಇಲ್ಲಮ್ಮ, ವಾಪಸ್ ಕೊಡ್ತಾವ್ನೆ. ಸರಿಯಾಗಿ ನೋಡು," ಎಂದಳು. ನಾನು ಮತ್ತೆ ನೋಡಿದೆ. ಅವಳು ಹೇಳಿದ ಮೇಲೆ ಇಡುತ್ತಿರುವ ಹಾಗೂ ಕಂಡಿತು, ಅಕ್ಕ ಹೇಳಿದ್ದು ನೆನೆದರೆ ಎತ್ತುತ್ತಿರುವ ಹಾಗೂ ಕಂಡಿತು. ನಾನು ಅಳಿಸಲಿಲ್ಲ. ಧೈರ್ಯದಿಂದಲ್ಲ, ಅಳಿಸಿದರೆ ನಾನು ಹುಡುಕುವುದಕ್ಕೆ ಏನೂ ಉಳಿಯುವುದಿಲ್ಲ ಎಂದು.

ಎರಡು ದಿನ ಬಿಟ್ಟು ಮಧು ಪತ್ರಿಕೆಯ ಮಾದರಿ ನೋಡಲು ಚಿಲಮತ್ತೂರಿನಿಂದ ಬಂದ. ನಾನು ಬೇರೆ ಯಾವುದೋ ಗಣಪತಿಯ ಚಿತ್ರ ಹಾಕಿ ಪತ್ರಿಕೆ ಸಿದ್ಧ ಮಾಡಿಟ್ಟಿದ್ದೆ. ಕಾಫಿ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಶಿರೀಷ ಕಲಶದ ಫೋಟೋ ತೆರೆದು ಪರದೆಯನ್ನು ಅವನ ಕಡೆ ತಿರುಗಿಸಿಬಿಟ್ಟಿದ್ದಳು.

"ಯಾರ್ದು ಈ ಕೈ?" ಎಂದು ಅವನು ಕೇಳುತ್ತಿದ್ದ.

ಅವಳು ತಲೆ ತಗ್ಗಿಸಲಿಲ್ಲ. ನಾಗೇಂದ್ರನ ಹೆಸರು ಹೇಳಿದಳು. ನಿಶ್ಚಿತಾರ್ಥ, ಬೈಕು, ಟ್ರೈಲರು, ಜನ ಅಂದ ಮಾತು, ಅಳಿಸಿದ ಫೋಟೋಗಳು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ನಾನು ಕಾಫಿ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ. ಮುಗೀತು, ಈ ಸಂಬಂಧವೂ ಮುಗೀತು, ಅಕ್ಕನಿಗೆ ಏನು ಹೇಳಲಿ ಎಂದುಕೊಂಡೆ.

ಮಧು ಪೂರ್ತಿ ಕೇಳಿಸಿಕೊಂಡ. ಆಮೇಲೆ, "ನಮ್ಗೆ ಗೊತ್ತಿತ್ತು," ಎಂದ. "ರೊದ್ದಂನಾಗೆ ನಮ್ಮತ್ತೆ ಅವ್ರೆ, ಮೊದಲ್ನೇ ದಿನಾನೇ ಹೇಳಿದ್ರು. ನೀವು ಹೇಳ್ತೀರೇನೋ ಅಂತ ಕಾಯ್ತಿದ್ವಿ. ಹುಡ್ಗೀದೇನು ತಪ್ಪಿಲ್ಲ, ಆದ್ರೆ ಮುಚ್ಚಿಡೋರ ಮನೆ ನಮ್ಗೆ ಬ್ಯಾಡ ಅಂತ ಅಮ್ಮ ಅಂತಿದ್ರು. ಕಾರ್ಡು ಪ್ರಿಂಟಿಗೆ ಹೋಗೋ ಮುಂಚೆ ಬ್ಯಾಡ ಅಂದ್ಬುಡನ ಅಂತಿದ್ರು."

ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗುತ್ತಾ ಅಂತ ಸುಮ್ಮನೆ ಹೇಳಿದ್ದಾರೆಯೇ? ಭಾವ ಅಷ್ಟೂ ಫೋನುಗಳನ್ನು ತೊಳೆದದ್ದು ನೀರಿನಲ್ಲಿ ಹೋಮ. ಮಧು ಹೊರಟ ಮೇಲೆ ನನ್ನ ಬುದ್ಧಿ ಮತ್ತೆ ಓಡಿತು. ಇವನೇ ಏಕೆ ಈ ಕೈಯನ್ನು ಹಾಕಿಸಿರಬಾರದು, ನಮ್ಮ ಬಾಯಿಂದ ನಿಜ ಹೊರಡಿಸಲಿಕ್ಕೆ? ಆದರೆ ಅವನು ನಮ್ಮ ಮನೆಗೆ ಕಾಲಿಟ್ಟದ್ದೇ ಆ ದಿನ ಮೊದಲು. ದಾರದ ವಿಷಯ ಅವನಿಗೆ ತಿಳಿದಿರಲು ಸಾಧ್ಯವೇ ಇಲ್ಲ.

ಮಾರನೇ ದಿನ ಮಧುವಿನ ತಾಯಿ ಅಕ್ಕನಿಗೆ ಫೋನ್ ಮಾಡಿದರು. ಮದುವೆ ಆಗಲಿ, ಆದರೆ ಒಂದು ಮಾತು ಎಂದರು. ಸಂಬಂಧ ಮುರಿದರೆ ಆ ಮನೆಯ ತಾಂಬೂಲ, ಸೀರೆ ಆ ಮನೆಗೆ ಒಪ್ಪಿಸಿ ಬರುವುದು ನಮ್ಮಲ್ಲಿ ಪದ್ಧತಿ. ಇವರು ಅದನ್ನು ಮಾಡಿಯೇ ಇರಲಿಲ್ಲ. ಸಾವಿನ ಮನೆಗೆ ತಟ್ಟೆ ಹಿಡಿದುಕೊಂಡು ಹೇಗೆ ಹೋಗುವುದು ಎಂದು ಅಕ್ಕ, ಭಾವ ಹಿಂಜರಿದಿದ್ದರು, ಆ ಕಡೆಯವರೂ ಕೇಳಿರಲಿಲ್ಲ. "ಆ ಮನೇದು ಇನ್ನೂ ನಿಮ್ಮನೇಲೇ ಐತಲ್ಲಮ್ಮ. ಒಪ್ಸಿ ಬನ್ನಿ, ಆಮೇಲೆ ಕಾರ್ಡು ಹಂಚಾನ," ಎಂದರಂತೆ. ಅದನ್ನು ಕೇಳಿದ ಕೂಡಲೇ ನನಗೆ ನೆನಪಾದದ್ದು ವೀಳ್ಯದೆಲೆಯ ಮೇಲಿದ್ದ ಆ ಬೆರಳುಗಳು.

ಅಕ್ಕ, ಭಾವ, ಶಿರೀಷ, ನಾನು ನಾಲ್ವರೂ ಹೊಸ ಎಲೆಯಿಟ್ಟ ತಾಂಬೂಲ, ಆ ಸೀರೆ ಹಿಡಿದುಕೊಂಡು ಕಲ್ಯಾಣದುರ್ಗದಿಂದ ಹೊರಟು ಬೆಳುಗುಪ್ಪದ ಆಚೆಯ ಆ ಹಳ್ಳಿಗೆ ಹೋದೆವು. ನಾಗೇಂದ್ರನ ತಾಯಿ ಹನುಮಕ್ಕ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು. ನಮ್ಮನ್ನು ನೋಡಿ ಬೈಯುತ್ತಾರೆ, ಈಗೇಕೆ ಬಂದಿರಿ ಎನ್ನುತ್ತಾರೆ ಎಂದು ನಾನು ಸಿದ್ಧವಾಗಿದ್ದೆ. ಅವರು ಎದ್ದು ಕಾಲಿಗೆ ನೀರು ಕೊಟ್ಟರು. ತಾಂಬೂಲವನ್ನು ತೆಗೆದುಕೊಂಡು ಒಳಗೆ ಮಗನ ಹೆಸರಿನಲ್ಲಿ ಹಚ್ಚಿದ್ದ ದೀಪದ ಮುಂದೆ ಇಟ್ಟರು. ಸೀರೆಯನ್ನು ಮಾತ್ರ ಶಿರೀಷನ ಮಡಿಲಿಗೇ ಹಾಕಿ, "ಉಟ್ಕೊಳಮ್ಮ, ಸಂತೋಷವಾಗಿರು," ಎಂದರು. ಅಕ್ಕ ಅವರನ್ನು ತಬ್ಬಿಕೊಂಡು ಜೋರಾಗಿ ಅತ್ತಳು. ನಾನೂ ಅತ್ತೆ, ಮುಚ್ಚಿಡುವುದೇನು.

ಶಿರೀಷ ಆ ಫೋಟೋವನ್ನು ಪ್ರಿಂಟ್ ತೆಗೆಸಿ ತಂದಿದ್ದಳು. ಬೇಡ ಎಂದು ನಾನು ದಾರಿಯುದ್ದಕ್ಕೂ ಹೇಳಿದ್ದೆ. ಕೇಳಲಿಲ್ಲ. ಹನುಮಕ್ಕನ ಕೈಗೆ ಕೊಟ್ಟು, "ಅವರ ಕೈ, ಅತ್ತೆ," ಎಂದಳು. ಹನುಮಕ್ಕ ಬೆಳಕಿನ ಕಡೆ ತಿರುಗಿ ನೋಡಿದರು. ಅವರ ಹೆಬ್ಬೆರಳು ಆ ತೋಳುಪಟ್ಟಿಯ ಮೇಲೆ ಮೆಲ್ಲಗೆ ಆಡುತ್ತಿತ್ತು.

"ಶರ್ಟು ನಾನೇ ಕೊಡ್ಸಿದ್ದು, ಹಿಂದೂಪುರ್ದಾಗೆ. ಶರ್ಟು ಅವುಂದೇ," ಎಂದರು. ಮತ್ತೆ ನೋಡಿದರು. "ಕೈ ಅವುಂದಲ್ಲ ಕಣಮ್ಮ."

ಶಿರೀಷ ದಾರದ ಮಾತು ಹೇಳಿದಳು. ಹನುಮಕ್ಕ ತಲೆಯಾಡಿಸಿದರು. ದಾರ ಕಟ್ಟಿಕೊಂಡಿದ್ದು ನಿಜವಂತೆ, ಸಾಯುವ ದಿನವೂ ಇತ್ತಂತೆ. ಆದರೆ ಚಿಕ್ಕಂದಿನಲ್ಲಿ ಎತ್ತಿನ ಗಾಡಿಯ ಗಾಲಿಗೆ ಸಿಕ್ಕಿ ಅವನ ಕಿರುಬೆರಳು ಸೊಟ್ಟಗಾಗಿತ್ತಂತೆ. ಆ ಫೋಟೋದ ಕಿರುಬೆರಳು ನೆಟ್ಟಗಿತ್ತು. "ಹೆತ್ತೋಳಿಗೆ ಗೊತ್ತಾಗಲ್ವೇನಮ್ಮ?" ಎಂದರು. ಆದರೆ ಅದು ಅವನದೇ ಕೈ ಎಂದು ಶಿರೀಷ ಇವತ್ತಿಗೂ ಹೇಳುತ್ತಾಳೆ. ಕಿರುಬೆರಳು ಸೊಟ್ಟಗಿದ್ದದ್ದು ಎಡಗೈಯದಿರಬೇಕು, ಮುದುಕಮ್ಮನಿಗೆ ಮರೆತಿದೆ ಎನ್ನುತ್ತಾಳೆ. ನೋಡಿ ತಿಳಿದುಕೊಳ್ಳೋಣವೆಂದರೆ ಅವನ ಎರಡು ಕೈಗಳೂ ಕಾಣುವ ಫೋಟೋ ಒಂದೂ ಎಲ್ಲೂ ಇಲ್ಲ.

ಶಿರೀಷನ ಮದುವೆಯಾಯಿತು. ಚಿಲಮತ್ತೂರಿನಲ್ಲಿ ಚೆನ್ನಾಗಿದ್ದಾಳೆ. ಆ ಫೈಲು ನನ್ನ ಕಂಪ್ಯೂಟರಿನಲ್ಲಿ ಹಾಗೇ ಇದೆ, ಕೈಯೂ ಇದೆ. ಯಜಮಾನರು, ಸ್ಟುಡಿಯೋದವನು, ಶಿರೀಷ, ಮಧು, ಕೊನೆಗೆ ನನ್ನ ಕಣ್ಣು, ನನ್ನ ನೆನಪು, ಎಲ್ಲದರ ಮೇಲೂ ಅನುಮಾನ ಪಟ್ಟು ಮುಗಿಸಿದ್ದೇನೆ. ನಾಗೇಂದ್ರನನ್ನು ಮದುವೆಯಾಗಬೇಕಾಗಿದ್ದವಳು ಹೌದು ಎನ್ನುತ್ತಾಳೆ, ಹೆತ್ತವಳು ಅಲ್ಲ ಎನ್ನುತ್ತಾಳೆ. ಇಬ್ಬರಲ್ಲಿ ಯಾರನ್ನು ನಂಬಲಿ? ಅವನದಲ್ಲದಿದ್ದರೆ ಅವನ ಶರ್ಟು ತೊಟ್ಟು, ಅವಳು ಕಟ್ಟಿದ ದಾರ ಕಟ್ಟಿಕೊಂಡು ಬಂದವರು ಯಾರು? ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳುವುದು ನನಗೆ ಎಷ್ಟು ಕಷ್ಟ ಎಂದು ನಮ್ಮ ಮನೆಯವರನ್ನು ಕೇಳಿ.

ಅವತ್ತು ಆ ಹಳ್ಳಿಯಿಂದ ನಾವು ಹೊರಡಲು ಎದ್ದಾಗ ಹನುಮಕ್ಕ ನನ್ನ ಕೈ ಹಿಡಿದು ನಿಲ್ಲಿಸಿದರು. ಮಗನ ಫೋನು ಅವನು ಟ್ರೈಲರಿಗೆ ಗುದ್ದಿದಾಗಲೇ ಪುಡಿಯಾಗಿತ್ತು, ಅವರಲ್ಲಿದ್ದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ. "ನಿನ್ ಕಂಪ್ಯೂಟರ್ನಾಗೆ ನಿಶ್ಚಿತಾರ್ಥದ್ದು ಎಲ್ಲಾ ಐತಂತಲ್ಲಮ್ಮ. ಅವನು ನಗ್ತಾ ಇರೋದು ಒಂದು ತೆಕ್ಕೊಡ್ತೀಯಾ? ಅಳಿಸಿದ್ರೂ ನೀನು ತೆಗೀತೀಯಂತೆ, ಹೇಳ್ತಾರೆ," ಎಂದರು. ಭಾವ ನೆಲ ನೋಡುತ್ತಿದ್ದ. ಇಲ್ಲಮ್ಮ, ಅದನ್ನು ಇನ್ನು ನನ್ನಿಂದಲೂ ತೆಗೆಯೋಕಾಗಲ್ಲ ಎಂದೆ.

"ಒಂದೂ ಇಲ್ವಾ?"

ಇಲ್ಲ ಎಂದೆ. ಅವರು, ಶಿರೀಷ ವಾಪಸ್ ತೆಗೆದುಕೊಳ್ಳಲು ಕೈ ಚಾಚಿದ್ದ ಆ ಪ್ರಿಂಟನ್ನು ಎದೆಗೆ ಒತ್ತಿಕೊಂಡರು.

"ಹಂಗಾದ್ರೆ ಇದೇ ಇರ್ಲಿ ಬುಡಮ್ಮ," ಎಂದರು. "ಶರ್ಟಾದ್ರೂ ಅವುಂದೇ ಅಲ್ವಾ."